ಕೀತ್ ಓಲ್ಡ್‌ರಾಯ್ಡ್ ಕೊಕ್ಕರೆಯಾದದ್ದು

ಕೀತ್ ಓಲ್ಡ್‌ರಾಯ್ಡ್ ತನ್ನನ್ನು ಲೂಸಿಯನ್ ಎಂದು ಕರೆದುಕೊಳ್ಳತೊಡಗಿದಾಗ ಅವನಿಗಿನ್ನೂ ಗಡ್ಡ ಸರಿಯಾಗಿ ಬಂದಿರಲಿಲ್ಲ. ಬ್ಯಾಟ್ಲಿಯಲ್ಲಿ ಅವನ ತಾಯಿಯ ಉಣ್ಣೆ ನೂಲಿನ ಅಂಗಡಿಯಿತ್ತು. ಅದರ ಮೇಲಿನ ಕೋಣೆಯೇ ನಮ್ಮ ತಾಲೀಮಿನ ಜಾಗ. ಅವನು ಹಾಡುಗಾರ, ಡೆಸ್ ಥ್ಯಾಕ್‌ರೇ ಗಿಟಾರು, ಲೊರೇನ್ ಎಂಬ ನಾನು ಬೇಸ್ ಗಿಟಾರು. ಡ್ರಮ್ಮಿಗೆ ಒಂದು ಯಂತ್ರವಿತ್ತು. ನಾಲ್ವರಲ್ಲಿ ತಾಳ ತಪ್ಪದೆ ಇದ್ದದ್ದು ಅದೊಂದೇ. ಬ್ಯಾಂಡಿನ ಹೆಸರು ‘ಪೇಲ್ ವಾರ್ಡನ್ಸ್’, ಅಂದರೆ ಬಿಳಿಚಿದ ಕಾವಲುಗಾರರು. ನಮ್ಮಮ್ಮ ಅದನ್ನು ಕೇಳಿ, ರಸ್ತೆಬದಿಯ ಕಾರುಗಳಿಗೆ ದಂಡದ ಚೀಟಿ ಅಂಟಿಸುವ ವಾರ್ಡನ್ನುಗಳಿಗೆ ರಕ್ತ ಕಡಿಮೆಯಾಗಿದೆಯೇ ಎಂದು ವಿಚಾರಿಸಿದ್ದಳು.

ಎಂಬತ್ತರ ದಶಕದ ಯಾರ್ಕ್‌ಶೈರಿನಲ್ಲಿ ಕಪ್ಪು ಬಟ್ಟೆ ತೊಟ್ಟು, ಮುಖಕ್ಕೆ ಬಿಳಿ ಬಳಿದುಕೊಂಡು, ಹೊಗೆಯ ನಡುವೆ ನಿಂತು ಸಾವಿನ ಬಗ್ಗೆ ಹಾಡಿದರೆ ಜನ ಬರುತ್ತಿದ್ದರು. ನಮಗೂ ಬಂದರು. ಕೀತನ ದನಿ ನಿಜಕ್ಕೂ ಚೆನ್ನಾಗಿತ್ತು; ಇದನ್ನು ಹೇಳುವಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಬಾವಿಯ ತಳದಿಂದ ಎದ್ದು ಬಂದಂಥ ದನಿ. ಅದರಲ್ಲಿ ಅವನು ಹಾಲು ಮುಗಿದಿದೆ ಎಂದರೂ ಮುಂದಿನ ಸಾಲಿನ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ಬ್ಯಾಂಡು ಮುರಿದದ್ದು ಜರ್ಮನಿಯಲ್ಲಿ, ಹೆದ್ದಾರಿ ಪಕ್ಕದ ಒಂದು ಊಟದ ಜಾಗದಲ್ಲಿ. ಕೀತ್ ಸಾಸೇಜು ಕತ್ತರಿಸುತ್ತ ಹೇಳಿದ: “ನಾನು ನಿಮ್ಮಿಬ್ಬರನ್ನೂ ಮೀರಿ ಬೆಳೆದಿದ್ದೇನೆ. ಇನ್ನು ನನ್ನ ದಾರಿ ಏಕಾಂತದ್ದು.”

ನಾನು ಫೋರ್ಕು ಕೆಳಗಿಟ್ಟೆ. ಡೆಸ್ ಮಾತ್ರ, “ಸರಿ ಕಣೋ. ಆ ಸಾಸಿವೆ ಇತ್ತ ಕೊಡು,” ಎಂದ.

ಆಮೇಲೆ ಮೂವರೂ ಮೂರು ದಿಕ್ಕಾದೆವು. ನಾನು ಲೀಡ್ಸ್‌ನಲ್ಲಿ ಕಾರು ಕಲಿಸುವ ಕೆಲಸ ಹಿಡಿದೆ. ಶನಿವಾರಗಳಂದು ಮದುವೆಗಳಲ್ಲಿ ಬೇಸ್ ನುಡಿಸುತ್ತಿದ್ದೆ. ಕುಡಿದ ಚಿಕ್ಕಪ್ಪಂದಿರು ಕುಣಿಯಲು ಏನು ಬೇಕೋ ಅದನ್ನು. ಡೆಸ್ ಜಾಹೀರಾತುಗಳಿಗೆ ರಾಗ ಹಾಕಿದ. ಮೊದಲು ಕಸ್ಟರ್ಡ್ ಪುಡಿ, ಆಮೇಲೆ ಕಾರ್ಪೆಟ್ ಅಂಗಡಿ, ಕೊನೆಗೆ ಟೀವಿಯಲ್ಲಿ ಚಿಕ್ಕ ಮಕ್ಕಳ ಒಂದು ಕಾರ್ಯಕ್ರಮ. ಗಂಬೂಟು ಹಾಕಿಕೊಂಡ ಬಾರ್ಬರಾ ಎಂಬ ಬಾತುಕೋಳಿಯ ಕಥೆ ಅದು. ಆ ಹಾಡು ಬಾರದ ಮಗು ಇಡೀ ಇಂಗ್ಲೆಂಡಿನಲ್ಲಿ ಇರಲಿಲ್ಲ.

ಕೀತನಾದರೋ ಕಲಾವಿದ. ಅವನ ಮೊದಲ ಸ್ವಂತ ಆಲ್ಬಮ್ಮಿನಲ್ಲಿ ಇದ್ದದ್ದು ಪಾಳುಬಿದ್ದ ನೂಲಿನ ಗಿರಣಿಯೊಳಗೆ ಬೀಸುವ ಗಾಳಿ, ಆಗೀಗ ಅವನ ಒಂದು ನಿಟ್ಟುಸಿರು. ಎರಡನೆಯದನ್ನು ಬೆಲ್ಜಿಯಮ್ಮಿನ ಒಬ್ಬ ಗೆಳತಿಯ ಜೊತೆ ಸೇರಿ ಮಾಡಿದ. ಅವಳು ಸೈಕಲ್ ಚಕ್ರವನ್ನು ಪಿಟೀಲಿನ ಕಮಾನಿನಿಂದ ಉಜ್ಜುತ್ತಿದ್ದಳು. ನಡುವೆ ಒಂದು ಕವನ ಸಂಕಲನ ಬಂತು, ಕಪ್ಪು ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ. ಓದಲಾಗದ್ದು ಪುಣ್ಯವೆಂದು ನಾನು ಅಂದುಕೊಂಡೆ. ಮಾರಾಟವಾಗದ ಪ್ರತಿಗಳೆಲ್ಲ ಬ್ಯಾಟ್ಲಿಯಲ್ಲಿ ಅವನ ತಾಯಿಯ ಅಂಗಡಿ ಸೇರಿದವು.

ಒಮ್ಮೆ ನಾನು ನೂಲು ಕೊಳ್ಳಲು ಹೋದಾಗ ಮಿಸೆಸ್ ಓಲ್ಡ್‌ರಾಯ್ಡ್ ಆ ಪುಸ್ತಕಗಳ ಅಟ್ಟಿಯ ಮೇಲೆ ಟೀ ಪಾತ್ರೆ ಇಟ್ಟಿದ್ದರು.

“ನಮ್ಮ ಕೀತ್ ಮೇಲಿನ ಕೋಣೆ ಗೋಡೆಗೆಲ್ಲ ಕಪ್ಪು ಬಳ್ದಿದಾನಮ್ಮ,” ಎಂದರು. “ಬಾಡಿಗೆಗೆ ಕೊಡೋಣ ಅಂದ್ರೆ ಬಂದವ್ರೆಲ್ಲ ಯಾರಾದ್ರೂ ತೀರ್ಕೊಂಡ್ರಾ ಅಂತ ಕೇಳ್ತಾರೆ.”

“ಏನಂತೀರಿ ಅವ್ರಿಗೆ?”

“ಇನ್ನೂ ಇಲ್ಲ ಅಂತೀನಿ.”

ಆ ದಿನಗಳಲ್ಲೇ ಒಂದು ಪತ್ರಿಕೆಯವರು ಡೆಸ್ ಬಗ್ಗೆ ಕೀತನನ್ನು ಕೇಳಿದ್ದರು. “ಡೆಸ್ಮಂಡ್ ಈಗ ಕಸ್ಟರ್ಡ್ ಮಾರುವ ಹೆಣ. ನಾನು ಮೃತ್ಯುವಿನ ಜೊತೆ ಸಂವಾದದಲ್ಲಿದ್ದೇನೆ, ಅವನು ಬಾತುಕೋಳಿಯ ಜೊತೆ,” ಎಂದಿದ್ದ ನಮ್ಮ ತತ್ವಜ್ಞಾನಿ. ನಾನು ಸಿಟ್ಟಿನಿಂದ ಡೆಸ್‌ಗೆ ಫೋನು ಮಾಡಿದರೆ ಅವನು ಹಿಂದಿನ ಅಂಗಳದಲ್ಲಿ ಟೊಮೇಟೊ ಸಸಿಗಳಿಗೆ ಕಡ್ಡಿ ಕಟ್ಟುತ್ತಿದ್ದ. “ಹೋಗ್ಲಿ ಬಿಡೇ,” ಎಂದ. ಅವನ ಬಾಯಲ್ಲಿ ಬರುವುದು ಯಾವಾಗಲೂ ಅದೇ ಮಾತು. ಹಾಗೆ ನೆಮ್ಮದಿಯಾಗಿರುವವರನ್ನು ಕಂಡರೂ ನನಗೆ ಆಗುವುದಿಲ್ಲ.

ವರ್ಷಗಳು ಉರುಳಿ ನಮ್ಮೆಲ್ಲರ ತಲೆ ನೆರೆಯಿತು. ಕೀತನದು ಮಾತ್ರ ಇನ್ನೂ ಕಪ್ಪಾಯಿತು. ಒಂದು ಶರತ್ಕಾಲದಲ್ಲಿ ಅವನ ಫೋನು ಬಂತು.

“ಲೊರೇನ್, ನಾನು ಲೂಸಿಯನ್.”

“ಯಾವ ಲೂಸಿಯನ್ನಪ್ಪಾ? ನಂಗೆ ಗೊತ್ತಿರೋನು ಕೀತ್ ಒಬ್ನೇ.”

“ವಿಟ್ಬಿಯಲ್ಲಿ ನನ್ನ ಮಹಾಕೃತಿಯ ಮೊದಲ ಪ್ರದರ್ಶನವಿದೆ. ಉತ್ತರ ಸಮುದ್ರಕ್ಕೆ ಒಂದು ಚರಮಗೀತೆ.”

“ಸಮುದ್ರ ಸತ್ತೋಯ್ತಾ? ಯಾವಾಗ?”

ಅವನು ಒಮ್ಮೆಲೇ ಬ್ಯಾಟ್ಲಿಯ ಹುಡುಗನ ದನಿಯಲ್ಲಿ, “ಬೇಸ್ ನುಡ್ಸೋನು ಕೈ ಕೊಟ್ಬಿಟ್ಟ ಕಣೇ. ಬರ್ತೀಯಾ?” ಎಂದ.

ಒಪ್ಪಿಕೊಂಡೆ. ಕರುಣೆಯಿಂದಲ್ಲ. ಅವನು ಮುಗ್ಗರಿಸುವುದನ್ನು ವೇದಿಕೆಯ ಮೇಲಿಂದಲೇ ನೋಡುವ ಅವಕಾಶವನ್ನು ಬಿಡಲು ಮನಸ್ಸಾಗಲಿಲ್ಲ.

ವಿಟ್ಬಿಯಲ್ಲಿ ಕಪ್ಪು ಬಟ್ಟೆಯವರ ವಾರ್ಷಿಕ ಜಮಾವಣೆ. ಕಡಲ ಗಾಳಿಗೆ ಟೊಪ್ಪಿಗೆಗಳು ಹಾರುತ್ತಿದ್ದವು. ಒಂದು ಕಾಲಕ್ಕೆ ನಮ್ಮ ಹಾಡು ಕೇಳಿ ಬದುಕಿಗೆ ಅರ್ಥವಿಲ್ಲವೆಂದು ನಿರ್ಧರಿಸಿದ್ದವರೆಲ್ಲ ಈಗ ಮಂಡಿನೋವಿಗೆ ಪಟ್ಟಿ ಕಟ್ಟಿಕೊಂಡು, ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು, ಮೊಮ್ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಮೊಮ್ಮಕ್ಕಳಿಗೆ ಬಟ್ಟೆಯ ಬಾವಲಿ ರೆಕ್ಕೆಗಳು. ಮಧ್ಯಾಹ್ನದ ಪ್ರದರ್ಶನಕ್ಕೆ ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ ಡೆಸ್ ಕೂತು, ಕಾಗದದಲ್ಲಿ ಸುತ್ತಿದ ಕರಿದ ಮೀನು ತಿನ್ನುತ್ತಿದ್ದ. ಯಾರು ಕರೆದಿದ್ದರೋ. ಯಾರೂ ಕರೆದಿರಲಿಕ್ಕಿಲ್ಲ, ಹಾಗೇ ಬಂದಿದ್ದ.

ಚರಮಗೀತೆ ಶುರುವಾಯಿತು. ನನ್ನ ಪಾಲಿಗಿದ್ದದ್ದು ಒಂದೇ ಸ್ವರ. ಅದನ್ನು ಆಗಾಗ ಮೀಟುವುದು. ಕೀತ್ ಬೂದು ಬಣ್ಣದ ನಿಲುವಂಗಿ ತೊಟ್ಟು, ಕತ್ತು ಮುಂದೆ ಚಾಚಿ, ಒಂದು ಕಾಲಿನ ಮೇಲೆ ಭಾರ ಹಾಕಿ, ಕಣ್ಣು ಮುಚ್ಚಿ ನಿಂತ. ವೇದಿಕೆಯ ಹಿಂದಿನಿಂದ ಗಂಟೆ ಮೊಳಗಿತು. ಅವನು ಬಾಯಿ ತೆರೆಯಲಿಲ್ಲ. ಮತ್ತೆ ಗಂಟೆ. ಮತ್ತೆ ಮೌನ. ಜನ ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದರು.

ಮುಂದಿನ ಸಾಲಿನಲ್ಲಿ ಒಂದು ಮಗು ಅಳಲು ಶುರುಮಾಡಿತು. ಅದರ ಅಜ್ಜಿ, ಕಪ್ಪು ಲೇಸಿನ ದಪ್ಪ ಹೆಂಗಸು, ಅದನ್ನು ತೊಡೆಯ ಮೇಲೆ ಕುಣಿಸುತ್ತ ಮೆಲ್ಲಗೆ ಹಾಡಿದಳು:

“ಬೂಟಿನ ತುಂಬಾ ನೀರೋ ನೀರು,
ಬಾರ್ಬರಾ, ನಿನ್ನ ಒರೆಸೋರ್ಯಾರು?”

ಪಕ್ಕದ ಮಗು ಸೇರಿಕೊಂಡಿತು. ಆಮೇಲೆ ಅದರ ಅಪ್ಪ. ಸಾಲಿನಿಂದ ಸಾಲಿಗೆ ಹಬ್ಬಿ, ನೋಡನೋಡುತ್ತಿದ್ದಂತೆ ಇಡೀ ಸಭಾಂಗಣ ಹಾಡುತ್ತಿತ್ತು. ಅಷ್ಟು ಹೊತ್ತು ಒಂದೇ ಸ್ವರದ ಮೇಲೆ ಬಿದ್ದುಕೊಂಡಿದ್ದ ನನ್ನ ಬೆರಳುಗಳು ನನ್ನ ಮಾತು ಕೇಳಲಿಲ್ಲ. ಅವೂ ಬಾರ್ಬರಾಳನ್ನು ನುಡಿಸಿದವು.

ಕೀತ್ ಕಣ್ಣು ಬಿಟ್ಟ. “ನಿಲ್ಲಿಸಿ!” ಎಂದು ಗುಡುಗಿದ. “ಮೂರ್ಖ ಬಾತುಗಳೇ! ನಿಮ್ಮ ಕೊಳ ಬತ್ತಿಹೋಗಲಿ!”

ಮಕ್ಕಳೆಲ್ಲ ಕೇಕೆ ಹಾಕಿ ನಕ್ಕವು. ಒಂದು ಪುಟ್ಟ ಹುಡುಗಿ ಕುರ್ಚಿಯ ಮೇಲೆ ನಿಂತು, “ಇನ್ನೊಂದ್ಸಲ ಬೈಯಿ!” ಎಂದು ಕೂಗಿದಳು. ಕೀತ್ ಗಿರಕ್ಕನೆ ತಿರುಗಿ ಹೊರಗೆ ನಡೆದ.

ಅವನನ್ನು ನಾನೂ ಡೆಸ್ಸೂ ಕಂಡದ್ದು ಕಡಲಿನ ಕಡೆಗಿನ ಮೆಟ್ಟಿಲ ಮೇಲೆ. ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿದಿತ್ತು.

“ನೀನೇ ಮಾಡ್ಸಿದ್ದು ಇದನ್ನ,” ಎಂದ ಡೆಸ್‌ನ ಕಡೆ ನೋಡಿ. “ಬಾತುಕೋಳಿ ದಲ್ಲಾಳಿ!”

“ಮೀನು ತಗೋ, ಇನ್ನೂ ಬಿಸಿ ಇದೆ,” ಎಂದ ಡೆಸ್. ಕೀತ್ ತೆಗೆದುಕೊಂಡ. ಡೆಸ್ ಅವನು ತಿನ್ನುವುದನ್ನೇ ನೋಡುತ್ತಿದ್ದು ಹೇಳಿದ: “ನೋಡೋ, ನಮ್ಮ ಬಾರ್ಬರಾಗೊಬ್ಬ ವೈರಿ ಬೇಕಾಗಿದಾನೆ. ಒಂದು ಕೊಕ್ಕರೆ. ಸುಮ್ನೆ ನಿಂತಿರತ್ತೆ, ಎಲ್ಲರ್ನೂ ಕೀಳಾಗಿ ನೋಡತ್ತೆ, ಭಾರಿ ಭಾರಿ ಮಾತಾಡತ್ತೆ. ದನಿ ಕೊಡೋರು ಸಿಕ್ಕಿಲ್ಲ.”

“ಬಕಧ್ಯಾನಕ್ಕೆ ಇವನಿಗೆ ತಾಲೀಮೇ ಬೇಡ,” ಎಂದೆ ನಾನು.

“ಲೂಸಿಯನ್ ಮಕ್ಕಳ ಕಾರ್ಯಕ್ರಮಕ್ಕೆ ಇಳಿಯುವುದಿಲ್ಲ,” ಎಂದು ಕೀತ್ ಬೆರಳು ನೆಕ್ಕಿದ. ಇನ್ನೊಂದು ಚೂರು ಮೀನು ಮುರಿದುಕೊಂಡು ಕೇಳಿದ: “ಆ ಕೊಕ್ಕರೆ ಬಾತಿನ ಮರಿಗಳನ್ನ ತಿನ್ನತ್ತಾ?”

“ಪ್ರಯತ್ನ ಪಡತ್ತೆ. ಪ್ರತಿ ಸಲನೂ ಸೋಲತ್ತೆ.”

“ಅಂದ್ರೆ ಅದು ದುರಂತ ಪಾತ್ರ,” ಎಂದ ಕೀತ್. ಆ ದಿನ ಮೊದಲ ಬಾರಿ ಅವನ ಕಣ್ಣಲ್ಲಿ ಜೀವ ಬಂದಿತ್ತು.

ಕೊಕ್ಕರೆ ಗೆದ್ದಿತು. ಬಾರ್ಬರಾಳಿಗಿಂತ ಅದೇ ಹೆಚ್ಚು ಗೆದ್ದಿತು. “ನಿಮ್ಮ ಕೊಳ ಬತ್ತಿಹೋಗಲಿ!” ಎಂದು ಮಕ್ಕಳು ಸ್ನಾನದ ತೊಟ್ಟಿಗಳಲ್ಲಿ ಕಿರುಚತೊಡಗಿದವು. ಕೊಕ್ಕರೆಯ ಗೊಂಬೆ ಬಂತು, ಊಟದ ಡಬ್ಬಿ ಬಂತು, ಚಳಿಗಾಲದ ಕಾಲುಚೀಲ ಬಂತು. ಬ್ಯಾಟ್ಲಿಯ ಅಂಗಡಿಯಲ್ಲಿ ಮಿಸೆಸ್ ಓಲ್ಡ್‌ರಾಯ್ಡ್ ಬೂದು ನೂಲಿನಲ್ಲಿ ಕೊಕ್ಕರೆ ಹೆಣೆಯುವ ಕ್ರಮವನ್ನು ಗಾಜಿಗೆ ಅಂಟಿಸಿದರು.

ಕೀತ್ ಬದಲಾದನೇ? ಎಲ್ಲಿಯ ಮಾತು! ಅದೇ ಪತ್ರಿಕೆಗೆ ಅವನು ಹೇಳಿದ್ದನ್ನು ನೋಡಿ: “ಕೊಕ್ಕರೆ ನನ್ನೊಳಗೆ ಎಂಬತ್ತರ ದಶಕದಿಂದಲೂ ಕಾವು ಕೂತಿತ್ತು. ಡೆಸ್ಮಂಡ್ ನನ್ನ ದರ್ಶನಕ್ಕೆ ಒಂದಿಷ್ಟು ಹಿನ್ನೆಲೆ ಸಂಗೀತ ಒದಗಿಸಿದ.” ನಾನು ಪತ್ರಿಕೆ ಹಿಡಿದು ಡೆಸ್ ಮನೆಗೇ ಹೋದೆ. ಅವನು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, “ಹೋಗ್ಲಿ ಬಿಡೇ,” ಎಂದ. ಬಾಗಿಲು ದಢಾರನೆ ಹಾಕಿಕೊಂಡು ಬಂದೆ.

ಹೋದ ಬೇಸಿಗೆಯಲ್ಲಿ ಯಾರೋ ದೊಡ್ಡ ಸಂಘಟಕರು ಪೇಲ್ ವಾರ್ಡನ್ಸ್ ಮತ್ತೆ ಒಂದಾಗಬೇಕೆಂದು ಕೇಳಿದರು. ನಾನು ಒಪ್ಪಿದೆ, ಡೆಸ್ ಒಪ್ಪಿದ. ಕೀತ್ ಒಪ್ಪಲಿಲ್ಲ. ಇಂಥ ಸಣ್ಣಪುಟ್ಟ ಹವ್ಯಾಸಗಳಿಗೆ ತನಗೀಗ ಬಿಡುವಿಲ್ಲವಂತೆ. ನಮ್ಮ ಯೌವನವಿಡೀ ಅವನಿಗೆ ಈಗ ಹವ್ಯಾಸ!

ಮುಖಕ್ಕೆ ಉಗಿದೇ ಬರೋಣವೆಂದು ಹ್ಯಾರೊಗೇಟಿಗೆ ಹೋದೆ. ಅಲ್ಲಿ ಹೂಗಿಡ ಮಾರುವ ಒಂದು ದೊಡ್ಡ ಮಳಿಗೆಯನ್ನು ಕೊಕ್ಕರೆ ಉದ್ಘಾಟಿಸುವುದಿತ್ತು. ಅವನು ಉದ್ದ ಕೊಕ್ಕು, ಬೂದು ರೆಕ್ಕೆ ಕಟ್ಟಿಕೊಂಡು ಗೊಬ್ಬರದ ಚೀಲಗಳ ನಡುವೆ ನಿಂತಿದ್ದ. ಸುತ್ತ ಮಕ್ಕಳ ಹಿಂಡು. ಒಂದೊಂದು ಮಗುವಿನ ಹೆಸರನ್ನೂ ಕೇಳಿ, ಅದಕ್ಕೇ ಬೇರೆಯಾಗಿ ಒಂದು ಬೈಗುಳ ಕಟ್ಟಿ ಕೊಡುತ್ತಿದ್ದ. ಮಕ್ಕಳು ಬೈಸಿಕೊಂಡು ಕುಣಿಯುತ್ತ ಹೋಗುತ್ತಿದ್ದವು. ಉಗಿಯಲು ಬಂದ ನಾನು ಒಂದು ಗೊಬ್ಬರದ ಚೀಲದ ಮೇಲೆ ಕೂತು ನೋಡತೊಡಗಿದೆ.

ಗುಂಪು ಕರಗಿದ ಮೇಲೆ ಹತ್ತಿರ ಹೋಗಿ ಕೇಳಿದೆ: “ನಿಜ ಹೇಳೋ ಕೀತ್. ಖುಷಿಯಾಗಿದೀಯಾ?”

ಅವನು ಕೊಕ್ಕನ್ನು ಹಣೆಗೆ ಸರಿಸಿ, ಪತ್ರಿಕೆಯವರು ಯಾರಾದರೂ ಇದ್ದಾರೆಯೇ ಎಂದು ಅತ್ತಿತ್ತ ನೋಡಿದ.

“ತುಂಬಾ ಕಣೇ,” ಎಂದ ಪಿಸುಗುಟ್ಟಿ. “ಯಾರಿಗೂ ಹೇಳ್ಬೇಡ.”

ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.