ಮಡಚಿಟ್ಟ ಟವೆಲ್

ಅವಳಿಗೆ ಪ್ರೋಗ್ರಾಮ್ ಬರೆಯಲು ಕಲಿಸಿದವನು ಅಣ್ಣ. ಕಲಿಸುವಾಗ ‘ತಪ್ಪು’ ಎಂಬ ಮಾತು ಅವನ ಬಾಯಿಂದ ಬಂದದ್ದೇ ಇಲ್ಲ. ಪಕ್ಕದಲ್ಲಿ ಕೂತು, ಅವಳು ಎಡವಿದ ಸಾಲಿಗೆ ಬಲಗೈಯ ಪೆನ್ಸಿಲ್ಲಿನಿಂದ ಮೇಜನ್ನು ಒಮ್ಮೆ ಕುಟ್ಟುತ್ತಿದ್ದ, ಅಷ್ಟೇ. ಅವಳು ತಡಬಡಾಯಿಸಿ ಎಲ್ಲವನ್ನೂ ಅಳಿಸಲು ಹೊರಟರೆ, “ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಮೊದ್ಲು ಓದೇ, ಆತುರಗಾತಿ” ಎಂದು ನಗುತ್ತಿದ್ದ. ಮನೆಯಲ್ಲಿ ಅದೇ ಅವಳ ಹೆಸರಾಗಿ ನಿಂತಿತು.

ಈ ಆತುರಗಾತಿ ದೊಡ್ಡವಳಾಗಿ ಸಂಶೋಧಕಿಯಾದಳು. ಮನುಷ್ಯರು ಎಐ ಜೊತೆ ಕೂತು ಪ್ರೋಗ್ರಾಮ್ ಬರೆಯುವ ಹೊಸ ದಾರಿಗಳನ್ನು ಹುಡುಕುವುದು ಅವಳ ಕೆಲಸ. ಅಷ್ಟರಲ್ಲಿ ಅಣ್ಣನಿಗೆ ಪಾರ್ಶ್ವವಾಯು ಬಡಿದು ಮಾತೂ ಹೋಯಿತು, ಬಲಭಾಗವೂ ಬಿದ್ದುಹೋಯಿತು. “ಬುದ್ಧಿ ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲ” ಎಂದರು ಡಾಕ್ಟರು. ಮೂವತ್ತು ವರ್ಷ ಕೋಡು ಬರೆದವನ ಬುದ್ಧಿಯನ್ನು ಕಣ್ಣಿಗೆ ಟಾರ್ಚು ಬಿಟ್ಟು ಅಳೆಯುತ್ತಾರಂತೆ! ತಾನೇ ಅಳೆದು ತೋರಿಸುತ್ತೇನೆಂದು ಅವಳು ಹಟ ಹಿಡಿದಳು.

ಅವಳು ಮಾಡಿದ ಏರ್ಪಾಡು ಸರಳ. ಅಣ್ಣನ ಮುಂದಿನ ಪರದೆಯಲ್ಲಿ ಎಐ ಒಂದೊಂದೇ ಸಾಲು ಬರೆದು ತೋರಿಸುತ್ತದೆ. ಅವನು ತಲೆ ಬಾಗಿಸಿದರೆ ಒಪ್ಪಿಗೆ. ಕತ್ತು ಪಕ್ಕಕ್ಕೆ ಹೊರಳುತ್ತಿರಲಿಲ್ಲವಾದ್ದರಿಂದ, ಬೇಡವೆನ್ನಲು ಹತ್ತು ಸೆಕೆಂಡು ಸುಮ್ಮನಿದ್ದರೆ ಸಾಕು. ಎಐ ಬೇರೆ ಸಾಲು ತರುತ್ತದೆ. ಎದುರಿಗೆ ಒಂದು ಕ್ಯಾಮೆರಾ, ಮೇಜಿನ ಮೇಲೆ ಒಂದು ಮೈಕು.

ಅಣ್ಣನ ಎಡಗೈ ಬೆರಳು ಆಗಾಗ ಮೇಜಿಗೆ ಬಡಿದು ಮೈಕಿನಲ್ಲಿ ಸದ್ದಾಗುತ್ತಿತ್ತು. ನರಗಳ ಅದುರಾಟ ಇರಬೇಕು, ಪಾಪ, ಎಂದುಕೊಂಡಳು. ಮೂರನೆಯ ದಿನ ಅತ್ತಿಗೆಯ ಹತ್ತಿರ ಟವೆಲ್ ಕೇಳಿ ತಂದು, ನಾಲ್ಕು ಮಡಿಕೆ ಮಾಡಿ ಆ ಕೈಯ ಅಡಿಗೆ ಇಟ್ಟಳು. ಸದ್ದು ನಿಂತಿತು.

ಮೂರು ವಾರ ಅಣ್ಣ ಎಲ್ಲ ಸಾಲಿಗೂ ತಲೆ ಬಾಗಿಸಿದ. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಲ್ಯಾಬಿನ ಹಿರಿಯರು ಮಾತ್ರ ಹುಬ್ಬು ಗಂಟಿಕ್ಕಿದರು. “ಎಲ್ಲದಕ್ಕೂ ಹೂಂ ಅನ್ನೋದು ಒಪ್ಪಿಗೆ ಅಲ್ಲಮ್ಮ. ಬೇಕಂತಲೇ ತಪ್ಪು ಸಾಲು ಸೇರಿಸಿ ನೋಡು.”

ಮಾರನೆಯ ದಿನ ಹನ್ನೆರಡು ತಪ್ಪು ಸಾಲು ಸೇರಿಸಿದಳು. ಹನ್ನೆರಡಕ್ಕೂ ಅಣ್ಣ ತಲೆ ಬಾಗಿಸಿದ. ಕಲಿಯಲು ಬಂದ ಮೊದಲ ವಾರವೇ ಅವಳಿಗೆ ತಿದ್ದಿಕೊಟ್ಟಿದ್ದಂಥ ತಪ್ಪೂ ಅದರಲ್ಲಿತ್ತು.

“ಅಣ್ಣ ಇದ್ದಾನೆ ಅತ್ತಿಗೆ, ಅಣ್ಣನ ಬುದ್ಧಿ ಹೋಗ್ಬಿಟ್ಟಿದೆ” ಎಂದು ಅಡುಗೆಮನೆಯಲ್ಲಿ ನಿಂತು ಬಿಕ್ಕಿಬಿಕ್ಕಿ ಅತ್ತಳು.

“ನಿನ್ನ ಮುಖ ನೋಡಿದ್ರೆ ಅವ್ರಿಗೆ ಯಾವತ್ತು ಬೇಡ ಅನ್ನೋಕೆ ಬಂದಿದೆ ಹೇಳು” ಎಂದರು ಅತ್ತಿಗೆ. ಅತ್ತಿಗೆ ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡಳು. ವರದಿಯಲ್ಲಿ ‘ಗ್ರಹಿಕೆ ಇಲ್ಲ’ ಎಂದು ಬರೆದು, ಅಣ್ಣನ ಮುಂದಿನ ಪರದೆಯನ್ನು ಬಿಚ್ಚಿಕೊಂಡು ಹೋದಳು. ವೈರು ಸುತ್ತುವಷ್ಟು ಹೊತ್ತೂ ಅವನು ಅವಳನ್ನೇ ನೋಡುತ್ತಿದ್ದ.

ತಿಂಗಳು ತುಂಬುವ ಮೊದಲೇ ಎರಡನೆಯ ಆಘಾತವಾಗಿ ಅಣ್ಣ ತೀರಿಕೊಂಡ.

ಕೆಲಸಕ್ಕೆ ಮರಳಿದ ಮೇಲೆ, ಕಡತ ಮುಚ್ಚುವ ಮುನ್ನ ಅವನ ಮುಖವನ್ನೊಮ್ಮೆ ನೋಡುವ ಆಸೆಯಾಗಿ ಮೊದಲ ದಿನದ ವಿಡಿಯೋ ಹಾಕಿದಳು. ಅಣ್ಣನ ಬೆರಳು ಟಕ್ ಎಂದಿತು. ವಿಡಿಯೋದ ಮೂಲೆಯಲ್ಲಿ ದಾಖಲಾಗಿದ್ದ ಪರದೆಯ ಸಾಲನ್ನು ಓದಿದಳು. ಎಐ ತಾನಾಗಿಯೇ ಮಾಡಿದ ತಪ್ಪು ಅದು. ಅಂದು ಅವಳೇ ಗಮನಿಸಿರಲಿಲ್ಲ. ಮೂರು ಸೆಕೆಂಡೂ ಆಗಿರಲಿಲ್ಲ, ವಿಡಿಯೋದೊಳಗೆ ಅವಳದೇ ದನಿ ಬಂತು: “ಸರೀನಾ ಅಣ್ಣ? ಸರೀನಾ?” ಅಣ್ಣ ಅವಳ ಆಸೆಯ ಮುಖ ನೋಡಿದ. ತಲೆ ಬಾಗಿಸಿದ.

ಮುಂದಿನ ಟಕ್ ಹುಡುಕಿದಳು, ಅಲ್ಲೂ ತಪ್ಪು. ಸರಿಯಿದ್ದ ಸಾಲುಗಳಿಗೆ ಬೆರಳು ಅಲುಗಿರಲೇ ಇಲ್ಲ.

ಕೊನೆಯ ದಿನದ ವಿಡಿಯೋದಲ್ಲಿ ಟಕ್ ಎಂಬ ಸದ್ದಿರಲಿಲ್ಲ, ಟವೆಲ್ ಇತ್ತು. ಹನ್ನೊಂದು ತಪ್ಪಿಗೆ ಹನ್ನೊಂದು ಸಲ ಬೆರಳು ಎದ್ದು ಮೆತ್ತನೆ ಬಟ್ಟೆಯ ಮೇಲೆ ಬಿತ್ತು. ಹನ್ನೆರಡನೆಯದಕ್ಕೆ ಅಣ್ಣ ಕೈಯನ್ನು ಇಂಚಿಂಚಾಗಿ ಎಳೆದು, ಟವೆಲ್ ದಾಟಿಸಿ, ಬರಿಯ ಮೇಜಿನ ಮೇಲೆ ತಂದ. ಬೆರಳು ಎತ್ತಿದ. ಆಗ ಪಕ್ಕದಿಂದ ಅವಳದೇ ಕೈ ಬಂದು, ಅದನ್ನು ಮೃದುವಾಗಿ ಹಿಡಿದು ಮತ್ತೆ ಟವೆಲ್ ಮೇಲಿಟ್ಟಿತು. “ಸುಮ್ನಿರು ಅಣ್ಣ, ಇದೊಂದೇ ಸಾಲು. ಸರೀನಾ?”

ಅಣ್ಣ ತಲೆ ಬಾಗಿಸುವ ಮೊದಲೇ ಅವಳು ವಿಡಿಯೋ ನಿಲ್ಲಿಸಿದಳು. ಗೋಡೆಯ ಗಡಿಯಾರ ನೋಡುತ್ತಾ ಹತ್ತು ಸೆಕೆಂಡು ಎಣಿಸಿದಳು. ಅದು ಅಂಥ ದೊಡ್ಡ ಹೊತ್ತೇನೂ ಆಗಿರಲಿಲ್ಲ.