ಕಡೆಯ ಸಾಲಿನ ಹೆಸರು

"ಇನ್ನೊಮ್ಮೆ ಹಾಕು."

ಈ ಮಾತು ಕಿವಿಗೆ ಬಿದ್ದರೆ ಸಾಕು, ನಿಝಾಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಪಾಣೆಮಂಗಳೂರಿನ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಒಂದು ಕಂಪ್ಯೂಟರ್, ಒಂದು ಮೈಕು ಇಟ್ಟುಕೊಂಡು ಸ್ಟುಡಿಯೋ ತೆರೆದ ಮೇಲೆ ಅವನಿಗೆ ಸಿಕ್ಕ ಮೊದಲ ಮದುವೆ ಹಾಡು ಇದು. ಫರ್ಹಾನಳ ಮದುವೆ ನಾಳೆ. ಸಿ.ಡಿ. ಇವತ್ತೇ ತಯಾರಾಗದಿದ್ದರೆ ಚಪ್ಪರದಲ್ಲಿ ಬೇರೆ ಯಾರದೋ ಕ್ಯಾಸೆಟ್ಟು ಹಾಡುತ್ತದೆ. ಆಮೇಲೆ ಈ ಮಾಳಿಗೆ ಹತ್ತುವವರು ಯಾರೂ ಇರುವುದಿಲ್ಲ.

ಹಾಡೇನೋ ಚೆನ್ನಾಗಿಯೇ ಬಂದಿತ್ತು. ತಂಟೆ ಇದ್ದದ್ದು ಅದರ ಬಾಲದಲ್ಲಿ. ಮದುವೆ ಹಾಡೆಂದ ಮೇಲೆ ಕೊನೆಗೆ ಮನೆಯವರ ಹೆಸರು ಬರಲೇಬೇಕು, ಒಬ್ಬೊಬ್ಬರಿಗೆ ಒಂದೊಂದು ಸಾಲು. ಹಾಡುಗಾರ ಹನೀಫಾ ಒಂದೇ ಧಾಟಿಯಲ್ಲಿ ಹೆಸರುಗಳನ್ನು ಹಾಡುತ್ತಾ ಹೋಗಿ, ಮುಕ್ತಾಯವನ್ನೇ ಕೊಡದೆ, ಮರುದಿನ ಸೌದಿಯ ದಮಾಮಿಗೆ ಹೋಗುವ ವಿಮಾನ ಹತ್ತಿದ್ದ. "ಕಡೆಗೆ ನೀನೇ ಮೆಲ್ಲ ಇಳಿಸು ಮಾರಾಯ" ಎಂದಿದ್ದ. ಇಳಿಸುವುದೇನು ಮಹಾ! ಕ್ಯಾಸೆಟ್ಟಿನ ಕಾಲದಲ್ಲಿ ಉಸಿರು ಬಿಗಿಹಿಡಿದು ಬೆರಳಿನಿಂದ ಇಳಿಸಬೇಕಿತ್ತು. ಈಗ ಪರದೆಯ ಮೇಲೆ ಮೌಸಿನಿಂದ ಒಂದು ಇಳಿಜಾರು ಗೆರೆ ಎಳೆದರೆ ಹಾಡು ತಾನಾಗಿ ಸಣ್ಣಗಾಗುತ್ತಾ ಮಾಯವಾಗುತ್ತದೆ.

ಆದರೆ ಗೆರೆ ಇಳಿಯುವ ಜಾಗದಲ್ಲಿ ಯಾರದಾದರೂ ಹೆಸರು ಇರಲೇಬೇಕಲ್ಲ! ಮೊದಲು ಸಿಕ್ಕಿಬಿದ್ದವರು ಮದುಮಗಳ ಸಣ್ಣ ಮಾವ ಶಾಹುಲ್ ಹಮೀದ್.

"ನನ್ನ ಹೆಸರು ಬರುವಾಗಲೇ ಅವನಿಗೆ ಗಂಟಲು ಕಟ್ಟಿತಾ?"

ನಿಝಾಮ್ ಆ ಸಾಲನ್ನು ಕತ್ತರಿಸಿ ಇಳಿಜಾರಿಗಿಂತ ಮೊದಲೇ ಬರುವಂತೆ ಅಂಟಿಸಿದ. ಆಗ ದೊಡ್ಡ ಮಾವ ಅಬ್ದುಲ್ ರವೂಫ್ ಇಳಿಜಾರಿಗೆ ಬಿದ್ದರು. ಅವರು ಮಾಣಿ ಪೇಟೆಯಲ್ಲಿ ತಾವು ಇಟ್ಟಿದ್ದ ಅಂಗಡಿಯ ಶಟರ್ ಎಳೆದೇ ಬಂದರು.

"ತಮ್ಮನದ್ದು ಜೋರು, ಅಣ್ಣನದ್ದು ಬಾವಿಯೊಳಗಿಂದ. ಎಂಥ ಮರ್ಯಾದೆ ಇದು?"

"ಕಾಕ, ಅದು ಫೇಡ್ ಔಟ್. ಎಷ್ಟೋ ಹಾಡಿಗೆ ಉಂಟು."

"ಉಂಟಾದರೆ ಬೇರೆಯವರ ಹೆಸರಿಗೆ ಮಾಡು."

ರೋಸಿಹೋದ ನಿಝಾಮ್ ಫೇಡ್ ಔಟನ್ನೇ ತೆಗೆದು, ಹಾಡನ್ನು ರವೂಫರ ಹೆಸರಿಗೆ ಕಡಿದು ನಿಲ್ಲಿಸಿದ. ಕರೆಂಟ್ ಹೋಯಿತೆಂದು ಅಣ್ಣ ತಮ್ಮ ಇಬ್ಬರೂ ತಲೆಯೆತ್ತಿ ಬಲ್ಬು ನೋಡಿದರು. ಕಡಿದದ್ದನ್ನು ಸೇರಿಸಿ ಗೆರೆಯನ್ನು ಮತ್ತೆ ಮೊದಲಿನ ಜಾಗಕ್ಕೇ ಎಳೆದ. ತಲೆ ಚಚ್ಚಿಕೊಳ್ಳುವುದೊಂದೇ ಅವನಿಗೆ ಬಾಕಿ.

ಇವತ್ತು ಅವರ ಜೊತೆ ತಾಯಿ ಆಯಿಶಮ್ಮನೂ ಬಂದಿದ್ದರು. ಕೆಳಗಿನ ಅಂಗಡಿಯಲ್ಲಿ ಮೊಮ್ಮಗಳಿಗೆ ಬಟ್ಟೆ ತೆಗೆದು, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು. ಮಕ್ಕಳ ಜಗಳ ಕೇಳಿ ಕೇಳಿ ಸಾಕಾಗಿ ಬಾಯಿ ತೆರೆದರು.

"ನನ್ನ ಹೆಸರು ಅಲ್ಲಿ ಹಾಕು ಮಗಾ. ಕೇಳದಿದ್ದರೂ ಅಡ್ಡಿಯಿಲ್ಲ. ನನ್ನನ್ನು ಹೆಸರು ಹಿಡಿದು ಕರೆಯುವವರು ಈಗ ಯಾರುಂಟು?"

"ಹಾಂ, ಅದು ಸರಿ" ಎಂದರು ಅಣ್ಣ ತಮ್ಮ ಒಟ್ಟಿಗೆ. ಈ ಹಾಡು ಶುರುವಾದಂದಿನಿಂದ ಅವರು ಒಪ್ಪಿದ ಮೊದಲ ಮಾತು ಅದು.

ಆಯಿಶಮ್ಮನ ಹೆಸರನ್ನು ಹನೀಫಾ ಹಾಡಿದ್ದಾನೋ ಇಲ್ಲವೋ ಎಂದು ನಿಝಾಮ್ ಹುಡುಕಿದ. ಹಾಡಿದ್ದ. ಎಲ್ಲರಿಗಿಂತ ಕೊನೆಯ ಸಾಲು, ಗೆರೆ ನೆಲ ಮುಟ್ಟಿದ ಮೇಲಿನ ಮೌನದಲ್ಲಿ. ಮೊದಲ ದಿನದಿಂದಲೂ ಅಲ್ಲೇ ಇತ್ತು. ಇಷ್ಟು ಸಲ ಹಾಡು ಹಾಕಿಸಿಕೊಂಡು ಕೇಳಿದ ಮಕ್ಕಳಲ್ಲಿ ಒಬ್ಬರೂ ತಾಯಿಯ ಹೆಸರೆಲ್ಲಿ ಎಂದು ಕೇಳಿರಲಿಲ್ಲ. ಗೆರೆ ಎಳೆದ ಅವನೂ ನೋಡಿರಲಿಲ್ಲ. ಇಷ್ಟು ದಿನದ ಸಿಟ್ಟೆಲ್ಲ ಈಗ ಬಂದ ಸಿಟ್ಟಿನ ಮುಂದೆ ಏನೂ ಅಲ್ಲ ಎನಿಸಿತು.

ಅವನು ಹಳೆಯ ಗೆರೆ ಅಳಿಸಿದ. ದಫ್ಫಿನ ಬಡಿತಕ್ಕೆ ಒಂದು, ಕೀಬೋರ್ಡಿಗೆ ಒಂದು ಇಳಿಜಾರು ಎಳೆದ. ಹನೀಫಾನ ಧ್ವನಿಯನ್ನು ಇದ್ದಂತೆಯೇ ಬಿಟ್ಟು ಹಾಡು ಹಾಕಿದ. ಹೆಸರುಗಳು ಒಂದೊಂದಾಗಿ ಬಂದವು. ದಫ್ಫು ಇಳಿಯಿತು, ಕೀಬೋರ್ಡ್ ಅಡಗಿತು. ಎಲ್ಲ ಸದ್ದು ನಿಂತ ಮೇಲೆ ಬರಿಯ ಧ್ವನಿಯೊಂದು ಆಯಿಶಮ್ಮನ ಹೆಸರು ಹಾಡಿ ಮುಗಿಸಿತು.

"ಉಮ್ಮನದ್ದು ನನ್ನದಕ್ಕಿಂತ ಜೋರಾಯ್ತಲ್ಲ?" ಎಂದರು ರವೂಫ್.

"ಆಯ್ತು ಕಾಕ. ಇನ್ನು ನಾನು ಮುಟ್ಟುವುದಿಲ್ಲ. ಬೇಡದಿದ್ದರೆ ನಾಳೆ ಕ್ಯಾಸೆಟ್ ಹಾಕಿಸಿ."

ರವೂಫ್ ತಾಯಿಯ ಕಡೆ ತಿರುಗಿದರು. ಆಯಿಶಮ್ಮ ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡು, ಕಿವಿಯ ಮೇಲಿನ ಬಟ್ಟೆ ಸರಿಸಿದ್ದರು.

"ಇನ್ನೊಮ್ಮೆ ಹಾಕು ಮಗಾ" ಎಂದರು. "ಮೊದಲಿಂದ ಬೇಡ. ಆ ಕಡೆಯದ್ದು ಮಾತ್ರ."

ನಿಝಾಮ್ ಹಾಕಿದ.