ಹೊಸ ತಂತಿ

ರಾವಸಾಬ ಕೌದಿಯ ಸುತ್ತು ಬಿಚ್ಚಿ ಬೇಸ್ ಗಿಟಾರನ್ನು ಹೊರತೆಗೆದಾಗ ಭಜನೆಯವರೂ ಒಂದು ಗಳಿಗೆ ತಾಳ ತಪ್ಪಿದರು. ಅಷ್ಟು ಹೊಳೆಯುತ್ತಿತ್ತು. ಗೋಡೆಗೆ ಒರಗಿಸಿ ಕೂರಿಸಿದ್ದ ಗುರುಬಸಪ್ಪನ ಶವದ ಹಣೆಯ ಮೇಲೆ ವಿಭೂತಿ ಇನ್ನೂ ಹಸಿಯಾಗಿತ್ತು.

"ತಡಾ ಆತು ವೈನಿ," ಎಂದು ಮಿರಜಿನ ಸಿತಾರ ಅಂಗಡಿಯ ಆ ಮುದುಕ ಗೆಳೆಯನ ಹೆಂಡತಿಯ ಮುಂದೆ ಬಿಕ್ಕಿದ. "ಗಿಟಾರಿನ ಕುತ್ತಿಗಿ ಸೀಳಿತ್ತಲ್ಲ, ಕೂಡಿಸೇನಿ. ಎಲ್ಲಾ ಹೊಸಾದು ಮಾಡೇನಿ. ಅಂವ ಬಾರಸಬೇಕಿತ್ತು."

ಗಿರಿಜಾಬಾಯಿ ಬೆಳಗಿನಿಂದ ಅತ್ತಿರಲಿಲ್ಲ. ರಿಪೇರಿಗೆ ಹೋಗಿದ್ದ ಈ ಗಿಟಾರಿನ ದಾರಿ ಕಾಯುತ್ತಿದ್ದಳು. ಮಕ್ಕಳಿಲ್ಲದ ಮನೆಯನ್ನು ಇಷ್ಟು ವರ್ಷ ತುಂಬಿದ್ದು ಗಂಡನ ಬೇಸಿನ ದನಿ. ಮಣ್ಣಿಗೆ ಹೋಗುವ ಮುನ್ನ ಅದನ್ನೊಮ್ಮೆ ಕೇಳಬೇಕು, ಅವರ ಮುಂದೆಯೇ ಕೇಳಬೇಕು. ಅವಳಿಗೆ ಬೇಕಿದ್ದುದು ಅಷ್ಟೇ. ಆರ್ಕೆಸ್ಟ್ರಾದ ಜೊತೆಗಾರ ಧೋಂಡಪ್ಪ ಅದಕ್ಕೆಂದೇ ಸಾಂಗ್ಲಿವಾಡಿಯಿಂದ ಆಂಪ್ಲಿಫೈಯರ್ ಹೊತ್ತು ತಂದಿದ್ದ.

"ಹೆಣದ ಮುಂದ ಗಿಟಾರ ಏನವ್ವಾ?" ನೆರೆಮನೆಯ ಬಾಳವ್ವ ಮೂಗು ಮುರಿದಳು.

"ಬಾರಸಲಿ ಬಿಡ್ರಿ," ಎಂದರು ಜಂಗಮರಾದ ಕಲ್ಲಯ್ಯನವರು. "ಹೊತ್ತು ಮುಳುಗೂದ್ರೊಳಗ ಎತ್ತೂನು."

*

ಗುರುಬಸಪ್ಪ ಸಹಕಾರಿ ಸಕ್ಕರೆ ಕಾರಖಾನೆಯಲ್ಲಿ ಕಬ್ಬು ತೂಗುವವನು. ಕಾರಖಾನೆಯ ಆರ್ಕೆಸ್ಟ್ರಾದಲ್ಲಿ ಎಲ್ಲರ ಹಿಂದೆ ನಿಲ್ಲುವವನು. ಹೆಸರೂ ಚಪ್ಪಾಳೆಯೂ ಹಾಡುವವರ ಪಾಲು. ಮಿರಜ ಸ್ಟೇಷನ್ ಬಳಿಯ ರೇಡಿಯೋ ಅಂಗಡಿಯಲ್ಲಿ ಇಂಗ್ಲಿಷ್ ರಾಕ್ ರೆಕಾರ್ಡು ಕೇಳಿ ಹುಚ್ಚು ಹಿಡಿಸಿಕೊಂಡವನು, ರೆಕಾರ್ಡಿನ ಹೊದಿಕೆಯ ಚಿತ್ರ ತೋರಿಸಿ, ಸಿತಾರ ಮಾಡುವ ತೂನ್ ಮರದಲ್ಲೇ ರಾವಸಾಬನಿಂದ ಬೇಸ್ ಮಾಡಿಸಿಕೊಂಡಿದ್ದ. ತಂತಿ ಮುಂಬಯಿಯಿಂದ ತರಿಸಿದ್ದು. ಆಮೇಲೆ ಒಮ್ಮೆಯೂ ಬದಲಿಸಲಿಲ್ಲ.

"ಕರ್ರಗಾಗ್ಯಾವಲ್ರಿ, ಹೊಸಾವು ತರಬಾರದೇನು?" ಎಂದು ಗಿರಿಜಾಬಾಯಿ ರೊಟ್ಟಿ ತಟ್ಟುತ್ತ ಕೇಳಿದ್ದಳು.

"ಹುಚ್ಚಿ, ಹೊಸಾ ತಂತಿ ಕಿರಚತಾವ. ಬೆವರು, ಎಣ್ಣಿ, ಕಬ್ಬಿನ ಅಂಟು ಎಲ್ಲಾ ಕುಡದ ಮ್ಯಾಲೇನ ದನಿ ಗುಂಡಗ ಆಗೂದು. ಆ ರೆಕಾರ್ಡಿನ ವಿಲಾಯತಿ ಮಂದೀದೂ ಹಂಗ."

ಬಾರಿಸಿದಾಗ ಆ ಕೆಳದನಿ ನೆಲದೊಳಗಿಂದ ಹರಿದು ಅವಳು ಕೂತ ಮಣೆಗೆ ಮುಟ್ಟುತ್ತಿತ್ತು.

"ಮಂದಿ ಹಾಡು ಕಿವೀಗಿ ಬರತೈತಿ, ನಿಮ್ಮದು ಕುಂಡೀಗಿ ಬರತೈತಿ!"

ಗುರುಬಸಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅಂದಿನಿಂದ ಅವಳು ರೊಟ್ಟಿಗೆ ಕೂತಾಗಲೇ ಬಾರಿಸುವುದು ರೂಢಿಯಾಯಿತು.

*

ಧೋಂಡಪ್ಪ ವಾಯರು ಚುಚ್ಚಿ, ಗುರುಬಸಪ್ಪ ದಿನಾ ಬಾರಿಸುತ್ತಿದ್ದುದನ್ನೇ ಶುರು ಮಾಡಿದ. ಸ್ಟೀಲಿನ ಕೊಡ ಬಿದ್ದಂತೆ ಟಣ್ ಎಂದಿತು.

"ಇದು ಅವರದಲ್ಲ," ಎಂದಳು ಗಿರಿಜಾಬಾಯಿ. "ಇನ್ನೊಮ್ಮೆ ಬಾರಸಪಾ."

ಅವನು ಆಂಪ್ಲಿಫೈಯರಿನ ಗುಂಡಿ ತಿರುವಿದ, ಬೆರಳು ಮೆತ್ತಗೆ ಮಾಡಿದ. ಸ್ವರಗಳೆಲ್ಲ ಸರಿಯಾಗಿದ್ದವು. ಗುರುಬಸಪ್ಪ ಮಾತ್ರ ಅದರಲ್ಲಿರಲಿಲ್ಲ.

"ಹಳೇ ತಂತಿ ಎಲ್ಲಿ ಅದಾವು, ರಾವಸಾಬಣ್ಣಾ?"

ಮುದುಕ ಕೌದಿಯನ್ನು ಮಡಚತೊಡಗಿದ. "ಹಳೇ ತಂತಿ ಇಟ್ಟು ವಾದ್ಯ ಅಂಗಡಿ ದಾಟಸಬಾರದು ಅಂತ ನಮ್ಮಪ್ಪನ ಕಟ್ಟಳೆ, ವೈನಿ. ಮುದ್ದಾಂ ಹೊಸಾವು ಹಾಕೇನಿ. ಅವನ್ನ... ಗುಜರಿ ಮೋಡಕಾದಂವಗ ಕೊಟ್ಟಬಿಟ್ಟೆ."

ಅವನನ್ನು ಏನೆಂದು ಬೈಯುವುದು? ಪ್ರೀತಿಯಿಂದಲೇ ಮಾಡಿದ್ದ. ಗುರುಬಸಪ್ಪ ಸತ್ತದ್ದು ನಿನ್ನೆ. ಗಿರಿಜಾಬಾಯಿಗೆ ಅವನು ಸತ್ತದ್ದು ಈಗ. ಅವಳು ನೆಲಕ್ಕೆ ಹಣೆ ಹಚ್ಚಿ ಗೋಳಾಡಿದಳು. ಮೂಗು ಮುರಿದಿದ್ದ ಬಾಳವ್ವನೇ ಓಡಿಬಂದು ತಬ್ಬಿಕೊಂಡಳು. ಅಷ್ಟರಲ್ಲಿ ಗಂಡಸರು ಹೆಣ ಕೂರಿಸಿದ ವಿಮಾನ ಎತ್ತಿದರು.

ಮಣ್ಣು ಮಾಡಿ ಮಂದಿ ತಿರುಗಿ ಬಂದಾಗ ಅವಳು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬೆವರಿದ ಬೆರಳುಗಳಿಂದ ದಪ್ಪ ತಂತಿಯನ್ನು ತಿಕ್ಕುತ್ತಿದ್ದಳು. ಜಳಕಕ್ಕೆ ಕರೆದರೂ ಏಳಲಿಲ್ಲ.

ರಾವಸಾಬ ಎದುರಿಗೆ ಕುಸಿದು ಕೂತ. "ಆ ದನಿ ಬರಾಕ ವರ್ಷಾನುಗಟ್ಟಲೆ ಹಿಡೀತೈತಿ, ವೈನಿ. ಅದೂ ನಿಮ್ಮ ಬೆವರು, ಅಂವಂದಲ್ಲ..."

ಗಿರಿಜಾಬಾಯಿ ತಲೆಯೆತ್ತಿದಳು. ಅವನಿನ್ನೂ ಕೈ ತೊಳೆದಿರಲಿಲ್ಲ. ಅಂಗೈಗೆ ಗುರುಬಸಪ್ಪನನ್ನು ಹೂತ ಕುಣಿಯ ಎರೆಮಣ್ಣು ಮೆತ್ತಿತ್ತು. ಅವಳು ಆ ಕೈಯನ್ನು ಹಿಡಿದೆಳೆದು ತಂತಿಗಳ ಮೇಲೆ ಒತ್ತಿದಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ನಾಲ್ಕೂ ತಂತಿ ಕರ್ರಗಾಗುವ ತನಕ ತಿಕ್ಕಿದಳು.